ಹಿತ್ತಲ ಚೆಂಡು ಹೂವಿಗೆ ಮೋನೆಯ ಬಣ್ಣ

ಚಿತ್ರಕಾರ ಕ್ಲೋದ್ ಮೋನೆ ಫ್ರಾನ್ಸಿನ ಜಿವೆರ್ನಿಯಲ್ಲಿ ತಾನೇ ಬೆಳೆಸಿದ ತೋಟವನ್ನು 1900ರಲ್ಲಿ ಬಿಡಿಸಿದ. ಸುಮಾರು 81 × 92 ಸೆಂ.ಮೀ. ಅಳತೆಯ ಆ ಚಿತ್ರ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿದೆ. ಐರಿಸ್ ಹೂವಿನ ನೇರಳೆ ಸಾಲುಗಳು ಓರೆಯಾಗಿ ಸಾಗುತ್ತವೆ, ಮರಗಳ ಸಂದಿಯಲ್ಲಿ ಮನೆ ಅಷ್ಟಿಷ್ಟು ಕಾಣುತ್ತದೆ. ಹತ್ತಿರದಿಂದ ನೋಡಿದರೆ ಎಸಳುಗಳಿಲ್ಲ, ಬ್ರಶ್ಶಿನ ಗುರುತುಗಳಷ್ಟೇ. ಇದೇ ಬಗೆಯಲ್ಲಿ ನಿಮ್ಮ ಹಿತ್ತಲನ್ನು ಬಿಡಿಸಲು ಕಲಬುರಗಿ, ಬೀದರ್ ಕಡೆ ಐರಿಸ್ ಹುಡುಕುವುದು ಬೇಡ. ಚೆಂಡು ಹೂ, ಸೇವಂತಿ ಸಾಕು.

ಡಿಸೆಂಬರ್-ಜನವರಿಯಲ್ಲಿ ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆವರೆಗೆ ಬಿಡಿಸಿ. ಆಮೇಲೆ ನೆರಳು ಗಿಡದ ಬುಡಕ್ಕೆ ಸರಿಯುತ್ತದೆ, ಬಣ್ಣ ಸಪ್ಪೆಯಾಗುತ್ತದೆ. ಮುಗಿಯದಿದ್ದರೆ ಮರುದಿನ ಅದೇ ಹೊತ್ತಿಗೆ ಕೂತುಕೊಳ್ಳಿ. ಕ್ಯಾನ್ವಾಸ್ ಬೇವಿನ ನೆರಳಲ್ಲಿರಲಿ. ಬಿಸಿಲು ಅದರ ಮೇಲೆ ಬಿದ್ದರೆ ಕಣ್ಣು ಕುಕ್ಕಿ ಬಣ್ಣವನ್ನು ಗಾಢವಾಗಿ ಕಲಸುತ್ತೀರಿ, ಮನೆಯೊಳಗೆ ತಂದಾಗ ಚಿತ್ರ ಕಪ್ಪಿಟ್ಟಿರುತ್ತದೆ. ಅಕ್ರಿಲಿಕ್ ನಮ್ಮ ಒಣ ಹವೆಗೆ ಪ್ಯಾಲೆಟ್ ಮೇಲೆಯೇ ಕೆನೆಗಟ್ಟುತ್ತದೆ. ಎಣ್ಣೆಬಣ್ಣವೇ ವಾಸಿ.

ಬೇಕಾದದ್ದು: 12 × 16 ಇಂಚಿನ ಪ್ರೈಮ್ ಮಾಡಿದ (ಮೊದಲೇ ಲೇಪ ಬಳಿದ) ಕ್ಯಾನ್ವಾಸ್, ಹಂದಿಕೂದಲಿನ 6 ಮತ್ತು 8ನೇ ನಂಬರಿನ ಚಪ್ಪಟೆ ಬ್ರಶ್, 4ನೇ ನಂಬರಿನ ದುಂಡನೆಯದೊಂದು, ಟರ್ಪೆಂಟೈನ್, ಅಗಸೆ ಎಣ್ಣೆ. ಬಣ್ಣ ಆರು: ಟೈಟೇನಿಯಂ ಬಿಳಿ, ಕ್ಯಾಡ್ಮಿಯಂ ಹಳದಿ, ವರ್ಮಿಲಿಯನ್ ಕೆಂಪು, ಕ್ರಿಮ್ಸನ್ ಕಡುಗೆಂಪು, ಅಲ್ಟ್ರಾಮರೀನ್ ನೀಲಿ, ವಿರಿಡಿಯನ್ ಹಸಿರು. ಬಿಳಿ ಬೇಗ ಮುಗಿಯುತ್ತದೆ, ದೊಡ್ಡ ಟ್ಯೂಬೇ ತನ್ನಿ. ಕಪ್ಪು ಬೇಡ. 1905ರಲ್ಲಿ ಪತ್ರವೊಂದರಲ್ಲಿ ಮೋನೆ ಕೊಟ್ಟ ತನ್ನ ಬಣ್ಣಗಳ ಪಟ್ಟಿಯಲ್ಲೂ ಅದಿಲ್ಲ.

ಹೂವಿನ ಸಾಲು ಕೆಳಗಿನ ಮೂಲೆಯಿಂದ ಓರೆಯಾಗಿ ಮೇಲೇರುವಂತೆ ಜಾಗ ಹಿಡಿಯಿರಿ. ಎದುರಿನಿಂದ ಅಡ್ಡಡ್ಡ ಬಿಡಿಸಿದ ಸಾಲು ಗೋಡೆಯಂತೆ ಕಣ್ಣನ್ನು ತಡೆಯುತ್ತದೆ. ಪೆನ್ಸಿಲ್ ಬಿಟ್ಟು, ಟರ್ಪೆಂಟೈನಿನಲ್ಲಿ ತೆಳ್ಳಗಾದ ನೀಲಿಯಲ್ಲಿ ನಾಲ್ಕೈದು ಗೆರೆ ಹಾಕಿ. ಮೊದಲು ನೆರಳೆಲ್ಲ ತುಂಬಿ, ಟರ್ಪೆಂಟೈನ್ ಬೆರೆಸಿ ತೆಳ್ಳಗೆ. ಆಮೇಲೆ ಎಲೆ, ಮಣ್ಣು, ದಾರಿ. ಹೂವು ಕಟ್ಟಕಡೆಗೆ, ದಪ್ಪನೆಯ ಬಣ್ಣದಲ್ಲಿ. ಎಣ್ಣೆ ಜಾಸ್ತಿಯಿರುವ ಪದರ ಕೆಳಗಾದರೆ ಮೇಲಿನದು ಮೊದಲು ಒಣಗುತ್ತದೆ, ಮುಂದೆ ಬಿರುಕು ಬಿಡುತ್ತದೆ.

ನೆರಳಿನ ನೇರಳೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಅಲ್ಟ್ರಾಮರೀನಿಗೆ ಕ್ರಿಮ್ಸನ್ ಸೇರಿಸಿ, ವರ್ಮಿಲಿಯನ್ ಅಲ್ಲ. ವರ್ಮಿಲಿಯನ್ ಹಳದಿಯತ್ತ ವಾಲುವ ಕೆಂಪು. ಹಳದಿಯೂ ನೇರಳೆಯೂ ಸೇರಿದರೆ ಕಂದು ಬಣ್ಣವೇ ಗತಿ. ಶಹಾಬಾದಿ ಫರಸಿ ಹಾಸಿದ ದಾರಿಯನ್ನು ಬರೀ ಬೂದು ಮಾಡಬೇಡಿ. ಎಳೆಬಿಸಿಲು ಬಿದ್ದಲ್ಲಿ ಬಿಳಿಗೆ ಚೂರು ಹಳದಿ, ಚೂರು ಕ್ರಿಮ್ಸನ್. ನೆರಳಿದ್ದಲ್ಲಿ ಅದೇ ನೇರಳೆಗೆ ಬಿಳಿ. ಬೀದರಿನ ಕೆಂಪು ಮಣ್ಣಿಗೆ ವರ್ಮಿಲಿಯನ್, ಹಳದಿ, ಬಿಳಿ. ಎರಿ ಮಣ್ಣಿಗೆ ಅಲ್ಟ್ರಾಮರೀನ್, ಕ್ರಿಮ್ಸನ್, ಒಂದಿಷ್ಟು ವಿರಿಡಿಯನ್. ವಿರಿಡಿಯನ್ನನ್ನು ಎಲೆಗೆ ಟ್ಯೂಬಿನಿಂದ ನೇರ ಬಳಿದರೆ ಪ್ಲಾಸ್ಟಿಕ್ ಗಿಡವಾಗುತ್ತದೆ. ಹಳದಿ ಬೆರೆಸಿ, ಕಡ್ಡಿ ತುದಿಯಷ್ಟು ಕ್ರಿಮ್ಸನ್ ಹಾಕಿ ಅದರ ಸೊಕ್ಕು ಮುರಿಯಿರಿ.

ಚೆಂಡು ಹೂವಿಗೆ ಹಳದಿ-ವರ್ಮಿಲಿಯನ್, ನೆರಳ ಬದಿಗೆ ವರ್ಮಿಲಿಯನ್-ಕ್ರಿಮ್ಸನ್. ಒಂದು ಹೂವಿಗೆ ಎರಡೇ ಗುರುತು. ಇಟ್ಟ ಮೇಲೆ ಮುಟ್ಟಬೇಡಿ. ತಿದ್ದಹೋದರೆ ಕೆಳಗಿನ ಹಸಿ ಹಸಿರು ಮೇಲೆದ್ದು ಕಿತ್ತಳೆ ಕೆಸರಾಗುತ್ತದೆ. ಹಾಗೇನಾದರೂ ಆದರೆ ಚಾಕುವಿನಿಂದ ಕೆರೆದು ತೆಗೆದು ಹೊಸದಾಗಿ ಇಡಿ. ಪ್ರತಿ ಗುರುತಿಗೂ ಬ್ರಶ್ ಒರೆಸಬೇಕು, ಬೇಜಾರಿನ ಕೆಲಸವೇ. ಹತ್ತಿರದ ಹೂವಿಗೆ 8ನೇ ನಂಬರು, ದೂರದ್ದಕ್ಕೆ ದುಂಡನೆಯದು, ಬಿಳಿ ಸ್ವಲ್ಪ ಹೆಚ್ಚು.

ಒಣಗಿಸಲು ಬಿಸಿಲಿಗಿಡಬೇಡಿ, ಮೇಲ್ಪದರ ಸುಕ್ಕುಗಟ್ಟುತ್ತದೆ. ಧೂಳು ಬಾರದ ಕೋಣೆಯಲ್ಲಿ ಮುಖ ಗೋಡೆಯತ್ತ ವಾಲಿಸಿ ಇಡಿ. ವಾರ್ನಿಶ್ ಆರು ತಿಂಗಳ ಮೇಲೆ.