ಹಳೆಯ ಡೀಸೆಲ್ ಕಾರಿನಲ್ಲಿ ಆಯಿಲ್ ಸೋರಿದರೆ: ಮೊದಲು ಮೂಲ, ಆಮೇಲೆ ಸೀಲ್

ಕಾರಿನಡಿ ಹನಿ ಬಿದ್ದ ಜಾಗದ ನೇರ ಮೇಲೆಯೇ ಸೋರಿಕೆ ಇದೆಯೆಂದು ನಂಬಬೇಡಿ. ಆಯಿಲ್ ಇಂಜಿನ್ನಿನ ಮೈಮೇಲೆ ಇಳಿಯುತ್ತದೆ. ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಇಂಜಿನ್ನಿನ ನೆತ್ತಿಯ ಮುಚ್ಚಳ, ಅಂದರೆ ಟ್ಯಾಪೆಟ್ ಕವರಿನಿಂದ ಹೊರಟದ್ದು ಗೇರ್‌ಬಾಕ್ಸ್ ಕೂಡುವಲ್ಲಿ ತೊಟ್ಟಿಕ್ಕುವುದುಂಟು. ಅದನ್ನು ಕಂಡು ಕ್ರ್ಯಾಂಕಿನ (ಇಂಜಿನ್ನಿನಲ್ಲಿ ತಿರುಗುವ ಮುಖ್ಯ ಶಾಫ್ಟ್) ಹಿಂದಿನ ಸೀಲ್ ಹೋಯಿತೆಂದು ಗೇರ್‌ಬಾಕ್ಸ್ ಇಳಿಸಿದರೆ ದುಡ್ಡು ದಂಡ. ಒದ್ದೆಯಾದ ಭಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದನ್ನೇ ಮೊದಲು ಅನುಮಾನಿಸಿ.

ಸಮತಟ್ಟು ಜಾಗದಲ್ಲಿ ರಾತ್ರಿ ಕಾರಿನಡಿ ರಟ್ಟು ಹಾಸಿ. ಗುಡ್ಡದ ಇಳಿಜಾರಿನ ಅಂಗಳದಲ್ಲಿ ಹನಿ ಬೀಳುವ ಜಾಗವೇ ಬದಲಾಗುತ್ತದೆ. ಕಪ್ಪಗಿದ್ದರೆ ಇಂಜಿನ್ ಆಯಿಲ್, ಗಂಧಕದ ಕಟುವಾಸನೆಯಿದ್ದರೆ ಗೇರ್ ಆಯಿಲ್, ಕೆಂಪಗೆ ತೆಳ್ಳಗಿದ್ದರೆ ಬಹುಮಟ್ಟಿಗೆ ಪವರ್ ಸ್ಟೀರಿಂಗಿನದು.

ಕಾಸರಗೋಡಿನ ಮಳೆಗಾಲ ಕಳೆಯುವಾಗ ಇಂಜಿನ್ನಿನ ಅಡಿಯಲ್ಲಿ ಕೆಂಪು ಮುರಮಣ್ಣು ಆಯಿಲಿಗೆ ಅಂಟಿ ಗಟ್ಟಿ ಪದರವಾಗಿರುತ್ತದೆ. ಅದಿರುವಷ್ಟು ಹೊತ್ತು ಏನೂ ಕಾಣದು. ಮರದ ಚಕ್ಕೆಯಿಂದ ಕೆರೆದು, ಇಂಜಿನ್ ತಣ್ಣಗಿರುವಾಗ ಡಿಗ್ರೀಸರ್ ಹಾಕಿ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿಗೆ ನೀರು ಹೋಗದಂತೆ ಪ್ಲಾಸ್ಟಿಕ್ ಕಟ್ಟಿರಿ, ಮುಗಿದ ಮೇಲೆ ಬಿಚ್ಚಲು ಮರೆಯಬೇಡಿ. ಒಣಗಿದ ಬಳಿಕ ಅನುಮಾನದ ಜಾಗಗಳಿಗೆ ಟಾಲ್ಕಂ ಪೌಡರ್ ಉದುರಿಸಿ, ಚೆರ್ಕಳ–ಬದಿಯಡ್ಕ ರಸ್ತೆಯಂಥ ಏರುತಗ್ಗಿನಲ್ಲಿ 10–15 ಕಿ.ಮೀ. ಓಡಿಸಿ ಬನ್ನಿ. ಪೌಡರಿನ ಮೇಲೆ ಕಪ್ಪು ಗೆರೆ ಎಲ್ಲಿಂದ ಶುರುವಾಗಿದೆಯೋ ಅಲ್ಲೇ ಮೂಲ.

ಸೀಲ್ ತರಿಸುವ ಮೊದಲು ಬ್ರೀದರ್ ನೋಡಲೇಬೇಕು. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಪಿಸ್ಟನ್ ರಿಂಗ್ ದಾಟಿ ಬರುವ ಗ್ಯಾಸ್ ಹೊರಹೋಗುವ ದಾರಿ ಅದು. ಮಸಿ ಕಟ್ಟಿದರೆ ಒಳಗೆ ಒತ್ತಡ ಏರಿ, ಸಿಕ್ಕ ಸೀಲುಗಳಲ್ಲೆಲ್ಲ ಆಯಿಲ್ ನುಗ್ಗುತ್ತದೆ. ಹೊಸ ಸೀಲ್ ಹಾಕಿದರೂ ಮತ್ತೆ ಸೋರುತ್ತದೆ. ಪೈಪ್ ಬಿಚ್ಚಿ ಸ್ವಚ್ಛಗೊಳಿಸಿ. ಬಳಿಕ ಇಂಜಿನ್ ಐಡ್ಲಿಂಗಿನಲ್ಲಿರುವಾಗ ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದು ಅಲ್ಲೇ ಸಡಿಲವಾಗಿ ಕವುಚಿಡಿ. ಸ್ವಲ್ಪ ಅಲುಗಿದರೆ ಚಿಂತೆಯಿಲ್ಲ, ಡೀಸೆಲ್ಲಿನಲ್ಲಿ ಅದು ಸಹಜ. ಕುಣಿದು ಹಾರಿಬಿದ್ದು ಹೊಗೆ ಉಗುಳಿದರೆ ರಿಂಗ್ ಸವೆದಿರಬಹುದು, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿಸಿ.

ಟ್ಯಾಪೆಟ್ ಕವರಿನ ಪ್ಯಾಕಿಂಗ್ ಮನೆಯಲ್ಲೇ ಬದಲಿಸಬಹುದು. ಹಳೆಯ ರಬ್ಬರ್ ಬಿಸಿಗೆ ಗಟ್ಟಿಯಾಗಿ ಒತ್ತಿಕೊಳ್ಳುವುದಿಲ್ಲ. ಎರಡೂ ಮೈ ಒರೆಸಿ, ಹೊಸದನ್ನು ಒಣದಾಗಿಯೇ ಕೂರಿಸಿ. ಸಿಲಿಕಾನ್ ಪೇಸ್ಟ್ ಬೇಕಾಗುವುದು ಮೂಲೆಗಳಿಗೆ, ಎರಡು ಲೋಹದ ಭಾಗ ಕೂಡುವಲ್ಲಿಗೆ ಮಾತ್ರ. ಧಾರಾಳವಾಗಿ ಬಳಿದರೆ ಒಳಕ್ಕೆ ಉಕ್ಕಿದ್ದು ಕಳಚಿ ಆಯಿಲ್ ಪಂಪಿನ ಜಾಲರಿ ಕಟ್ಟುತ್ತದೆ. ಸೋರಿಕೆಗಿಂತ ಅದು ದೊಡ್ಡ ಕೇಡು. ಬೋಲ್ಟ್‌ಗಳನ್ನು ಮಧ್ಯದಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ ಬಿಗಿಯಿರಿ. 6 ಮಿ.ಮೀ. ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಇಂಜಿನ್ನಿನ ತಳದ ಆಯಿಲ್ ಚೇಂಬರಿನ ಬೋಲ್ಟಿಗೂ ಅಷ್ಟೇ: ಬಲ ಹಾಕಿದರೆ ತಗಡಿನ ಅಂಚು ಬಾಗಿ ಸೋರಿಕೆ ಹೆಚ್ಚುತ್ತದೆ.

ಡ್ರೈನ್ ಬೋಲ್ಟಿಗೆ ಪ್ರತಿ ಸಲ ಹೊಸ ವಾಷರ್. ಫಿಲ್ಟರ್ ಬದಲಿಸುವಾಗ ಹಳೆಯ ರಬ್ಬರ್ ರಿಂಗ್ ಇಂಜಿನ್ನಿಗೇ ಅಂಟಿ ಉಳಿದಿಲ್ಲವೆಂದು ನೋಡಿ. ಹೊಸ ರಿಂಗಿಗೆ ಆಯಿಲ್ ಸವರಿ, ತಾಗಿದ ಮೇಲೆ ಮುಕ್ಕಾಲು ಸುತ್ತು ಕೈಯಲ್ಲೇ ತಿರುಗಿಸಿ.

ಹಳೆಯ ಹಲವು ಡೀಸೆಲ್ ಗಾಡಿಗಳಲ್ಲಿ ಬ್ರೇಕಿನ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಅದರ ಆಯಿಲ್ ಪೈಪ್ ಬಿರಿದರೆ, ಸೀಲ್ ಹೋದರೆ ಆಯಿಲ್ ಒಳಗೆ ನುಗ್ಗಿ ಆಲ್ಟರ್ನೇಟರ್ ಕೆಡುತ್ತದೆ. ಜತೆಗೆ ಬ್ರೇಕ್ ಪೆಡಲ್ ಗಟ್ಟಿಯಾದರೆ ಗಾಡಿ ಓಡಿಸಬೇಡಿ. ಟರ್ಬೋ ಪೈಪಿನೊಳಗೆ ತೆಳು ಆಯಿಲ್ ಪಸೆ ಬ್ರೀದರಿನಿಂದಲೂ ಬರುತ್ತದೆ. ಆಯಿಲ್ ಮಡುಗಟ್ಟಿದ್ದರೆ ಮಾತ್ರ ಟರ್ಬೋದ ರಿಟರ್ನ್ ಪೈಪ್ ಕಟ್ಟಿದೆಯೇ ನೋಡಿ.

ಕ್ರ್ಯಾಂಕಿನ ಹಿಂದಿನ ಸೀಲ್ ನಿಜವಾಗಿಯೂ ಹೋಗಿದ್ದರೆ ಗ್ಯಾರೇಜಿನ ಕೆಲಸ. ಗೇರ್‌ಬಾಕ್ಸ್ ಇಳಿದಾಗಲೇ ಕ್ಲಚ್ ಪ್ಲೇಟ್ ನೋಡಿಸಿ. ಶಾಫ್ಟಿನಲ್ಲಿ ಸೀಲ್ ಉಜ್ಜಿದ ಗೀರು ಬೆರಳಿಗೆ ಸಿಕ್ಕಿದರೆ ಬರೀ ಹೊಸ ಸೀಲ್ ನಿಲ್ಲದು, ಗೀರಿನ ಮೇಲೆ ಕೂರಿಸುವ ತೆಳು ಲೋಹದ ಬಳೆ, ಅಂದರೆ ರಿಪೇರಿ ಸ್ಲೀವ್ ಕೇಳಿ.

ಬರೀ ಜಾಕಿ ನಂಬಿ ಅಡಿಗೆ ನುಗ್ಗಬೇಡಿ. ಒದ್ದೆ ಮಣ್ಣಿನಲ್ಲಿ ಅದು ಹೂತುಹೋಗುತ್ತದೆ. ದಪ್ಪ ಹಲಗೆ, ಸ್ಟ್ಯಾಂಡ್ ಎರಡೂ ಬೇಕು. ಇಳಿಸಿದ ಆಯಿಲನ್ನು ತೋಟಕ್ಕೆ ಚೆಲ್ಲಬೇಡಿ: ಮುರಕಲ್ಲಿನ ತೂತುಗಳಲ್ಲಿ ಇಳಿದು ಬಾವಿಗೋ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗಕ್ಕೋ ಸೇರೀತು. ಡಬ್ಬದಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ. ಪೇಸ್ಟ್ ಹಾಕಿದ್ದರೆ ಒಣಗಲು 24 ಗಂಟೆ ಬಿಡಿ, ನಂತರ 100 ಕಿ.ಮೀ. ಓಡಿಸಿ ಡಿಪ್‌ಸ್ಟಿಕ್ಕನ್ನೂ ರಟ್ಟನ್ನೂ ಇನ್ನೊಮ್ಮೆ ನೋಡಿ.