ಅತ್ತೆಯವರ ಉರಿಮೂತ್ರ, ಬಚ್ಚಲಿನ ದಾರಿ

ನಮ್ಮ ಅತ್ತೆಯವರಿಗೆ ಎಪ್ಪತ್ತೆಂಟು ತುಂಬಿದ ವರ್ಷ ನಾಲ್ಕು ಸಲ ಉರಿಮೂತ್ರ ಕಾಡಿತು. ಮಾತ್ರೆಗೆ ಇಳಿಯುತ್ತಿತ್ತು, ಎರಡು ತಿಂಗಳಿಗೆ ಮತ್ತೆ ಹಾಜರು. ನಾನು ತುಂಬಿ ಕೊಡುತ್ತಿದ್ದ ನೀರು ಎಲ್ಲಿಗೆ ಹೋಗುತ್ತಿತ್ತೆಂಬುದು ಕಿಟಕಿಯ ಬಳಿಯ ತುಳಸಿ ಕುಂಡದ ಮಣ್ಣು ಸದಾ ಒದ್ದೆಯಾಗಿರುವುದನ್ನು ಕಂಡಾಗ ತಿಳಿಯಿತು. ರಾತ್ರಿ ಎದ್ದು ಬಚ್ಚಲಿಗೆ ಹೋದರೆ ಜಾರಿ ಬೀಳುತ್ತೇನೆಂಬ ಭಯ ಅವರಿಗೆ, ಪಾಪ.

ಆದ್ದರಿಂದ ನೀರು ಕುಡಿಯಿರೆಂದು ಒತ್ತಾಯಿಸುವ ಮೊದಲು ದಾರಿ ಸರಿಮಾಡಿ. ಹಾಸಿಗೆಯಿಂದ ಕಮೋಡಿನವರೆಗೆ ಸಣ್ಣ ದೀಪ ಉರಿಯಲಿ, ಗೋಡೆಗೆ ಹಿಡಿಕೆ ಇರಲಿ, ನೆಲ ಒಣಗಿರಲಿ. ಆಮೇಲೆ ಬೆಳಿಗ್ಗೆಯಿಂದ ಸಂಜೆ ಆರರೊಳಗೆ ಅರ್ಧರ್ಧ ಲೋಟ ನೀರು, ತಿಳಿ ಮಜ್ಜಿಗೆ, ಬಾರ್ಲಿ ನೀರು ಕೊಡುತ್ತಾ ಬನ್ನಿ. ಹೃದಯ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಮಾತ್ರ ವೈದ್ಯರು ಹೇಳಿದಷ್ಟೇ ನೀರು. ಅಂಥವರಿಗೆ ಎಳನೀರನ್ನೂ ವೈದ್ಯರನ್ನು ಕೇಳದೆ ಕೊಡಬೇಡಿ, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು.

ಮೂತ್ರ ಕಟ್ಟಿಕೊಂಡು ಕೂರಬಾರದು. ಮುಗಿಯಿತೆನಿಸಿದ ಮೇಲೂ ಎರಡು ನಿಮಿಷ ಕುಳಿತು ಇನ್ನೊಮ್ಮೆ ಪ್ರಯತ್ನಿಸಲಿ. ತೊಳೆಯುವಾಗ ಕೈ ಮುಂದಿನಿಂದ ಹಿಂದಕ್ಕೆ ಹೋಗಬೇಕು, ಏಕೆಂದರೆ ಮೂತ್ರದ ಸೋಂಕು ತರುವುದು ಹೆಚ್ಚಾಗಿ ಕರುಳಿನಲ್ಲಿರುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾ. ಮಲಬದ್ಧತೆ, ಸಕ್ಕರೆ ಕಾಯಿಲೆಯನ್ನೂ ಹಿಡಿತದಲ್ಲಿಡಿ. ಗಂಡಸರಿಗಾದರೆ ಪ್ರಾಸ್ಟೇಟ್ ಗ್ರಂಥಿ ತೋರಿಸಿ.

ಹಳೆಯ ಚೀಟಿಯ ಆ್ಯಂಟಿಬಯಾಟಿಕ್ ತಂದು ನುಂಗಿಸುವ ತಪ್ಪನ್ನು ನಾನೂ ಮಾಡಿದ್ದೇನೆ, ನೀವು ಮಾಡಬೇಡಿ. ಮಾತ್ರೆ ಶುರುಮಾಡುವ ಮೊದಲೇ ಮೂತ್ರದ ಕಲ್ಚರ್, ಅಂದರೆ ಯಾವ ಕ್ರಿಮಿ ಎಂದು ಬೆಳೆಸಿ ನೋಡುವ ಪರೀಕ್ಷೆ, ಆಗಲಿ. ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿದು ಎರಡು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ. ಉರಿ, ಜ್ವರ ಏನೂ ಇಲ್ಲದೆ ವರದಿಯಲ್ಲಿ ಮಾತ್ರ ಕ್ರಿಮಿ ಕಂಡರೆ ವಯಸ್ಸಾದವರಿಗೆ ಸಾಮಾನ್ಯವಾಗಿ ಔಷಧ ಬೇಕಾಗುವುದಿಲ್ಲ.

ಇನ್ನೊಂದು ಮಾತನ್ನು ಸಂಕೋಚ ಬಿಟ್ಟು ಹೇಳುತ್ತೇನೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿದು ಯೋನಿಯ ಒಳಪದರ ತೆಳುವಾಗುತ್ತದೆ, ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ, ಸೋಂಕಿಗೆ ಬಾಗಿಲು ತೆರೆದಂತಾಗುತ್ತದೆ. ಅಲ್ಲಿಗೇ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ. ಸ್ತ್ರೀರೋಗ ತಜ್ಞೆಯನ್ನು ನೀವಾಗಿಯೇ ಕೇಳಿ; ನಮ್ಮ ಹಿರಿಯ ಹೆಂಗಸರು ಬಾಯಿಬಿಟ್ಟು ಹೇಳುವುದಿಲ್ಲ. ಅತ್ತೆಯವರಿಗೆ ದೀಪ, ನೀರಿನ ಜೊತೆ ಈ ಕ್ರೀಮೂ ಸೇರಿದ ಮೇಲೆ ಮುಂದಿನ ವರ್ಷ ಒಂದೇ ಸಲ ಸೋಂಕಾಯಿತು.

ಚಳಿಜ್ವರ, ಪಕ್ಕೆನೋವು, ವಾಂತಿ ಕಂಡರೆ ಬೆಳಗಾಗಲೆಂದು ಕಾಯಬೇಡಿ. ಒಂದು ರಾತ್ರಿ ಅತ್ತೆಯವರು ಜ್ವರದಲ್ಲಿ ನನ್ನನ್ನು ತಮ್ಮ ಅಕ್ಕನ ಹೆಸರು ಹಿಡಿದು ಕರೆದರು. ವಯಸ್ಸಿನ ಮರೆವು ಎಂದುಕೊಂಡು ಮಲಗಿಸಿದೆವು. ಬೆಳಿಗ್ಗೆ ಆಸ್ಪತ್ರೆಯಲ್ಲಿ ನೋಡಿದರೆ ಸೋಂಕು ಮೂತ್ರಪಿಂಡಕ್ಕೆ ಏರಿತ್ತು.