ಜನಸಂಖ್ಯೆ, ವಲಸೆ ಲೆಕ್ಕ ನೋಡಿ ಪ್ಲ್ಯಾನ್ ಮಾಡೋದು ಹೇಗೆ

ಒಂದೂರಿಗೆ ಎಷ್ಟು ಸ್ಕೂಲು, ಎಷ್ಟು ನೀರು, ಎಷ್ಟು ಆಸ್ಪತ್ರೆ ಬೆಡ್ ಬೇಕು ಅಂತ ಲೆಕ್ಕಕ್ಕೆ ಕೂತಾಗ ತುಂಬಾ ಜನ ಒಟ್ಟು ಜನಸಂಖ್ಯೆ ಅನ್ನೋ ಒಂದೇ ನಂಬರ್ ಹಿಡ್ಕೊಂಡು ಮುಂದಕ್ಕೆ ಹೋಗ್ಬಿಡ್ತಾರೆ. ದಯವಿಟ್ಟು ಹಾಗ್ ಮಾಡ್ಬೇಡಿ.

ಮೊದಲು ಜನಸಂಖ್ಯೆ ಎಷ್ಟು ಹೆಚ್ಚಾಯ್ತು ಅನ್ನೋದನ್ನ ಬಿಡಿಸಿ ನೋಡಿ. ಜನಸಂಖ್ಯೆ ಬದಲಾಗೋದು ಹುಟ್ಟು, ಸಾವು, ವಲಸೆ ಈ ಮೂರರಿಂದ ಮಾತ್ರ. ಉದಾಹರಣೆಗೆ 1,00,000 ಜನ ಇದ್ದ ಊರು ಹತ್ತು ವರ್ಷದಲ್ಲಿ 1,10,000 ಆಯ್ತು ಅಂದ್ಕೊಳ್ಳಿ, ಆ ಟೈಮಲ್ಲಿ ಹುಟ್ಟಿದ್ದು 15,000, ಸತ್ತಿದ್ದು 6,000, ಅಂದ್ರೆ ಹುಟ್ಟು ಸಾವಿನಿಂದ 9,000 ಬಂತು, ಉಳಿದ 1,000 ವಲಸೆ. ಇಷ್ಟೇನಾ ಅನ್ಸುತ್ತೆ, ಆದ್ರೆ ಅದು 12,000 ಜನ ಬಂದು 11,000 ಜನ ಹೋಗಿ ಉಳಿದ 1,000 ಕೂಡ ಆಗಿರ್ಬಹುದು! ಬಂದವರು ಇಪ್ಪತ್ತರ ಆಸುಪಾಸಿನ ಹುಡುಗ್ರು, ಹೋದವರು ಮಕ್ಕಳಿರೋ ಸಂಸಾರಗಳು ಅಂತಾದ್ರೆ ಬಾಡಿಗೆ ಮನೆ, ಬಸ್ಸಿಗೆ ಡಿಮ್ಯಾಂಡ್ ಏರುತ್ತೆ, ಸ್ಕೂಲ್ ಖಾಲಿಯಾಗುತ್ತೆ. 1885ರಲ್ಲೇ ರಾವೆನ್‌ಸ್ಟೈನ್ ಅನ್ನೋ ಭೂಗೋಳ ತಜ್ಞ ಹೇಳಿದ್ದ, ಒಂದು ಕಡೆಗೆ ಜನ ಹರಿದು ಬಂದ್ರೆ ವಾಪಸ್ ಹರಿವೂ ಇರುತ್ತೆ ಅಂತ. ಅದಕ್ಕೇ ಬಂದವರು, ಹೋದವರು ಬೇರೆಬೇರೆ ಕಾಲಮ್ಮಲ್ಲಿ ಇರ್ಲಿ.

ಆಮೇಲೆ ವಯಸ್ಸು. ಐದು ವರ್ಷ ಆದ್ಮೇಲೆ ಒಂದನೇ ಕ್ಲಾಸಿಗೆ ಬರೋ ಮಕ್ಕಳು ಈಗಾಗ್ಲೇ ಹುಟ್ಟಿರ್ತಾರೆ, ಮೂವತ್ತು ವರ್ಷ ಆದ್ಮೇಲೆ ಮುದುಕರಾಗೋರೂ ಈಗ ನಮ್ ನಡುವೆನೇ ಇದ್ದಾರೆ, ಹಾಗಾಗಿ ಈ ಲೆಕ್ಕ ಊಹೆ ಅಲ್ಲ, ಬಹುಪಾಲು ಕಣ್ಮುಂದೆನೇ ಇರೋದು. ಪ್ರತಿ ವಯಸ್ಸಿನ ಗುಂಪನ್ನೂ ಐದೈದು ವರ್ಷ ಮುಂದೆ ತಳ್ಳಿ, ಸಾವು ಕಳೆದು, ವಲಸೆ ಸೇರಿಸಿ, ಹೊಸ ಮಕ್ಕಳನ್ನ ಕೆಳಗಿಂದ ಸೇರಿಸ್ಕೊಂಡು ಹೋಗಿ. ಒಬ್ಬ ಹೆಂಗಸಿಗೆ ಸರಾಸರಿ 2.1ಕ್ಕಿಂತ (ಒಂದು ತಲೆಮಾರಿನ ಜಾಗಕ್ಕೆ ಅಷ್ಟೇ ಜನ ಬರೋಕೆ ಸುಮಾರಾಗಿ ಬೇಕಾದ ಲೆಕ್ಕ ಇದು) ಕಮ್ಮಿ ಮಕ್ಕಳಾದ್ರೂ ತಕ್ಷಣ ಜನಸಂಖ್ಯೆ ಇಳಿಯಲ್ಲ, ಹರೆಯದವರು ಜಾಸ್ತಿ ಇದ್ರೆ ಇನ್ನೂ ಕೆಲವು ದಶಕ ಏರ್ತಾನೇ ಇರುತ್ತೆ. ಮತ್ತೆ ಒಂದೇ ಅಂದಾಜಿಗೆ ಜೋತು ಬೀಳ್ಬೇಡಿ, ಹೆಚ್ಚು, ಮಧ್ಯಮ, ಕಮ್ಮಿ ಅಂತ ಮೂರು ಮಾಡಿ.

ಡೇಟಾ ಯಾವ ಪ್ರಶ್ನೆಗೆ ಬಂದ ಉತ್ತರ ಅನ್ನೋದನ್ನೂ ನೋಡ್ಲೇಬೇಕು. ಹುಟ್ಟಿದ್ದೆಲ್ಲಿ ಅಂತ ಕೇಳಿದ್ರೆ ಒಂದು ಲೆಕ್ಕ, ಐದು ವರ್ಷದ ಹಿಂದೆ ಎಲ್ಲಿದ್ರಿ ಅಂತ ಕೇಳಿದ್ರೆ ಬೇರೆನೇ ಲೆಕ್ಕ. ವಿಶ್ವಸಂಸ್ಥೆ 1998ರ ಶಿಫಾರಸಿನಲ್ಲಿ ಬೇರೆ ದೇಶದಲ್ಲಿ ಕನಿಷ್ಠ 12 ತಿಂಗಳು ಇದ್ದವರನ್ನ ದೀರ್ಘಾವಧಿ ವಲಸಿಗರು ಅಂದಿತ್ತು, ಅಂಥ ಗೆರೆ ಎಳೆದ ಕಡೆ ಆರು ತಿಂಗಳು ಕಟ್ಟಡ ಕೆಲಸಕ್ಕೆ ಬಂದು ಹೋಗೋರು ಆ ಪಟ್ಟಿಲಿ ಸಿಗಲ್ಲ. ಆದ್ರೆ ಅವ್ರು ಕುಡಿಯೋದೂ ಇದೇ ನೀರು, ಅವ್ರ ಮಗುಗೂ ಲಸಿಕೆ ಬೇಕು, ಶಾಲೆ ಬೇಕು. ನನಗೆ ನಿಜವಾಗ್ಲೂ ಸಂಕಟ ಆಗೋದು ಇಲ್ಲೇ, ಎಣಿಕೆಗೆ ಸಿಗದವರಿಗೆ ಬಜೆಟ್ಟಲ್ಲೂ ಜಾಗ ಸಿಗಲ್ಲ. ಹಾಗಾಗಿ ಕೆಲಸದ ಸೀಸನ್ನಲ್ಲಿ ಪ್ರತ್ಯೇಕ ಸರ್ವೇ ಮಾಡ್ಸಿ, ಶಾಲಾ ದಾಖಲಾತಿ, ವಿದ್ಯುತ್ ಬಳಕೆ ಜೊತೆ ತಾಳೆ ನೋಡಿ.

ಹೊಸ ಗಣತಿ ಬಂದಾಗ ಹಳೇ ಅಂದಾಜು ಬಿಸಾಕ್ಬೇಡಿ, ಪಕ್ಕದಲ್ಲಿಟ್ಟು ಹುಟ್ಟು, ಸಾವು, ವಲಸೆ ಮೂರರಲ್ಲಿ ಯಾವುದು ತಪ್ಪಿತು ಅಂತ ಬರೆದಿಡಿ. ಊರು ಚಿಕ್ಕದಾದಷ್ಟೂ ತಪ್ಪಿರೋದು ಹೆಚ್ಚಾಗಿ ವಲಸೆ ಕಾಲಮ್ಮಲ್ಲೇ.